ಕಪ್ಪು ಬಾಟಲಿಯ ಉಪ್ಪಿನ ಲೆಕ್ಕ

ಎಡಿಸನ್, ಐಸೆಲಿನ್, ಪ್ಲೇನ್ಸ್‌ಬರೊ, ಜರ್ಸಿ ಸಿಟಿ. ನ್ಯೂಜೆರ್ಸಿಯಲ್ಲಿ ಕನ್ನಡಿಗರು ನೆಲೆಸಿರುವ ಯಾವ ಊರಿನ ಅಡುಗೆಮನೆಗೆ ಹೋದರೂ ಕಪಾಟಿನ ಮೊದಲ ಸಾಲು ನಿಮಗೆ ಪರಿಚಿತವೇ. ಸಾರಿನ ಪುಡಿ, ಹುಳಿಪುಡಿ, ಚಟ್ನಿಪುಡಿ, ಹಪ್ಪಳ, ಬ್ಯಾಡಗಿ ಮೆಣಸಿನಕಾಯಿ. ಅದರಲ್ಲಿ ಅರ್ಧ ನೀವೇ ಕಟ್ಟಿ ಕಳಿಸಿದ್ದು. ಅದರ ಹಿಂದೆ, ಎಣ್ಣೆ ಡಬ್ಬದ ಪಕ್ಕದಲ್ಲಿ ಒಂದು ಕಪ್ಪು ಬಾಟಲಿ ನಿಂತಿರುತ್ತದೆ. ಅದು ಸೋಯಾ ಸಾಸ್. ಮಕ್ಕಳ ಮನೆಗೆಂದು ಆರು ತಿಂಗಳ ಮಟ್ಟಿಗೆ ಬರುವ ಅಪ್ಪ ಅಮ್ಮಂದಿರು ಮೊದಲ ವಾರದಲ್ಲೇ ಅದನ್ನು ಕೈಗೆತ್ತಿಕೊಂಡು ಮೂಸಿ ನೋಡುತ್ತಾರೆ.

"ಇದರಲ್ಲಿ ಮೀನುಗೀನು ಏನಾದ್ರೂ ಹಾಕಿರ್ತಾರೇನೋ?" ಎಂದು ನನ್ನ ಅಮ್ಮ ಕೇಳಿದ್ದರು. ಬೆರಳ ತುದಿಗೆ ಹಚ್ಚಿಕೊಂಡು ನೆಕ್ಕಿದ ಮೇಲೆ ಕೇಳಿದ ಎರಡನೇ ಪ್ರಶ್ನೆ, "ಇಷ್ಟು ಉಪ್ಪು ಯಾಕೋ ಇದಕ್ಕೆ?" ಮೊದಲನೆಯದನ್ನು ಎಲ್ಲರೂ ಕೇಳುತ್ತಾರೆ. ಎರಡನೆಯದನ್ನು ಕೇಳುವವರು ಕಡಿಮೆ. ಆದರೆ ಮನೆಯಲ್ಲಿ ಬಿಪಿ ಮಾತ್ರೆ ನುಂಗುವವರೊಬ್ಬರು ಇದ್ದರೆ ಮೊದಲು ಕೇಳಬೇಕಾದದ್ದು ಅದನ್ನೇ.

ನನ್ನದು ಲೆಕ್ಕ ಪರಿಶೋಧನೆಯ ಕೆಲಸ. ಜನವರಿಯಿಂದ ಏಪ್ರಿಲ್ 15ರವರೆಗೆ ಇಲ್ಲಿ ತೆರಿಗೆಯ ಸುಗ್ಗಿ. ಆ ಮೂರೂವರೆ ತಿಂಗಳು ರಾತ್ರಿ ಎಂಟೂವರೆಗೆ ಮನೆಗೆ ಬಂದು ಕಾಯಿ ತುರಿದು, ಮಸಾಲೆ ರುಬ್ಬಿ, ಹುಳಿ ಕುದಿಸುವ ವ್ಯವಧಾನ ಇರುವುದಿಲ್ಲ. ಬೆಳಗಿನ ಅನ್ನ, ಫ್ರಿಜ್‌ನಲ್ಲಿರುವ ಎರಡು ತರಕಾರಿ, ಬೆಳ್ಳುಳ್ಳಿ, ಹಸಿಮೆಣಸು, ಮೇಲೆ ಒಂದಿಷ್ಟು ಸೋಯಾ ಸಾಸ್. ಹದಿನೈದು ನಿಮಿಷದಲ್ಲಿ ಊಟ. ಇಲ್ಲಿ ಗಂಡ ಹೆಂಡತಿ ಇಬ್ಬರೂ ದುಡಿಯುವ ಬಹಳಷ್ಟು ಮನೆಗಳ ಕಥೆ ಇದೇ. ಆದ್ದರಿಂದ ಆ ಬಾಟಲಿಯಲ್ಲಿ ಏನಿದೆ, ಎಷ್ಟಿದೆ ಎಂಬುದು ನಿಮ್ಮ ಮಕ್ಕಳಿಗೂ ಗೊತ್ತಿರಬೇಕು, ಇಲ್ಲಿಗೆ ಬರುವ ನಿಮಗೂ ಗೊತ್ತಿರಬೇಕು.

ಮೊದಲು ಅದು ಏನು ಎಂಬುದು. ಬೀದರ್, ಬೆಳಗಾವಿ, ಧಾರವಾಡದ ಕಡೆಯ ಓದುಗರಿಗೆ ಸೋಯಾ ಅವರೆಯ ಪರಿಚಯ ಮಾಡಿಕೊಡಬೇಕಿಲ್ಲ. ಮುಂಗಾರಿನಲ್ಲಿ ಅಲ್ಲಿನ ಹೊಲಗಳ ತುಂಬ ಅದೇ. ನಮ್ಮಲ್ಲಿ ಅದು ಹೆಚ್ಚಾಗಿ ಎಣ್ಣೆ ಗಿರಣಿಗೆ ಹೋಗುತ್ತದೆ. ಚೀನಾ, ಜಪಾನ್, ಕೊರಿಯಾಗಳಲ್ಲಿ ಅದೇ ಕಾಳನ್ನು ನೂರಾರು ವರ್ಷಗಳಿಂದ ಹುಳಿಯಿಸಿ ಸಾಸ್ ಮಾಡುತ್ತ ಬಂದಿದ್ದಾರೆ. ಜಪಾನಿನ ಪದ್ಧತಿಯಲ್ಲಿ ಬೇಯಿಸಿದ ಸೋಯಾ ಕಾಳಿಗೆ ಹುರಿದು ಒಡೆದ ಗೋಧಿಯನ್ನು ಹೆಚ್ಚುಕಡಿಮೆ ಸಮಪ್ರಮಾಣದಲ್ಲಿ ಬೆರೆಸುತ್ತಾರೆ. ಅದಕ್ಕೆ ಒಂದು ಜಾತಿಯ ಬೂಸ್ಟನ್ನು ಬೇಕೆಂದೇ ಹಿಡಿಸುತ್ತಾರೆ. ಎರಡು ಮೂರು ದಿನಗಳಾದ ಮೇಲೆ ಅದನ್ನು ಉಪ್ಪುನೀರಿಗೆ ಹಾಕಿ ತಿಂಗಳುಗಟ್ಟಲೆ ಬಿಡುತ್ತಾರೆ. ಕೊನೆಗೆ ಬಟ್ಟೆಯಲ್ಲಿ ಹಿಂಡಿ, ಕಾಯಿಸಿ, ಬಾಟಲಿಗೆ ತುಂಬುತ್ತಾರೆ. ನಮ್ಮ ಇಡ್ಲಿ ಹಿಟ್ಟು ಒಂದು ರಾತ್ರಿಯಲ್ಲಿ ಉಬ್ಬುತ್ತದೆ, ಇದಕ್ಕೆ ಆರು ತಿಂಗಳು ಬೇಕು. ಅಷ್ಟು ದಿನ ಕೆಡದಂತೆ ಕಾಯುವುದು ಉಪ್ಪು. ಮಾವಿನ ಮಿಡಿಯ ಜಾಡಿಗೆ ಧಾರಾಳವಾಗಿ ಉಪ್ಪು ಸುರಿಯುವುದಕ್ಕೆ ಏನು ಕಾರಣವೋ ಇಲ್ಲಿಯೂ ಅದೇ ಕಾರಣ.

ಅಂದರೆ ಇದು ಕೆಚಪ್‌ನ ಜಾತಿಯದಲ್ಲ, ಉಪ್ಪಿನಕಾಯಿ ರಸದ ಜಾತಿಯದು. 'ಸಾಸ್' ಎಂಬ ಹೆಸರೇ ಜನರ ದಾರಿ ತಪ್ಪಿಸುತ್ತದೆ ಎಂದು ನನ್ನ ಅನಿಸಿಕೆ.

ಹೀಗೆ ಹುಳಿಯಿಸದೆ ಮಾಡುವ ಸೋಯಾ ಸಾಸ್ ಕೂಡ ಇದೆ. ಎಣ್ಣೆ ತೆಗೆದ ಸೋಯಾ ಹಿಂಡಿಯನ್ನು ಆಮ್ಲದಲ್ಲಿ ಕುದಿಸಿ, ಕ್ಯಾರಮೆಲ್ ಬಣ್ಣ, ಉಪ್ಪು, ಸಕ್ಕರೆ ಬೆರೆಸಿ ಕೆಲವೇ ದಿನಗಳಲ್ಲಿ ತಯಾರಿಸುತ್ತಾರೆ. ಲೇಬಲ್‌ನಲ್ಲಿ 'ಹೈಡ್ರೊಲೈಸ್ಡ್ ಸೋಯಾ ಪ್ರೋಟೀನ್' ಅಥವಾ 'ಹೈಡ್ರೊಲೈಸ್ಡ್ ವೆಜಿಟಬಲ್ ಪ್ರೋಟೀನ್' ಎಂದಿದ್ದರೆ ಅದು ಈ ಬಗೆಯದು. ಈ ವಿಧಾನದಲ್ಲಿ 3-ಎಂಸಿಪಿಡಿ ಎಂಬ ಬೇಡದ ರಾಸಾಯನಿಕ ಹುಟ್ಟಿಕೊಳ್ಳಬಹುದು. ಅದಕ್ಕೆಂದೇ ಯುರೋಪ್ ಮತ್ತು ಅಮೆರಿಕದ ಆಹಾರ ಇಲಾಖೆಗಳು ಮಿತಿ ಹಾಕಿವೆ. 'ನ್ಯಾಚುರಲಿ ಬ್ರೂಡ್' ಎಂದು ಬರೆದಿದ್ದು, ಪದಾರ್ಥಗಳ ಪಟ್ಟಿಯಲ್ಲಿ ನೀರು, ಸೋಯಾ, ಗೋಧಿ, ಉಪ್ಪು ಬಿಟ್ಟು ಬೇರೇನೂ ಇಲ್ಲದಿದ್ದರೆ ಅದು ನಿಧಾನವಾಗಿ ಹುಳಿಯಿಸಿದ್ದು. ಬೆಲೆಯಲ್ಲಿ ಹೆಚ್ಚು ವ್ಯತ್ಯಾಸವೇನೂ ಇಲ್ಲ, ರುಚಿಯಲ್ಲಿ ಬಹಳ ಇದೆ.

ಅಮೆರಿಕದಲ್ಲಿ ಇದಕ್ಕೆ ಬರವಿಲ್ಲ. ಜಪಾನಿನ ಕಿಕ್ಕೊಮನ್ ಕಂಪನಿ 1973ರಲ್ಲೇ ವಿಸ್ಕಾನ್ಸಿನ್ ರಾಜ್ಯದ ವಾಲ್ವರ್ತ್ ಎಂಬಲ್ಲಿ ಕಾರ್ಖಾನೆ ತೆರೆಯಿತು. ನ್ಯೂಯಾರ್ಕ್ ನಗರದ ವಾಯವ್ಯಕ್ಕಿರುವ ಮಿಡಲ್‌ಟೌನ್‌ನಲ್ಲಿ ತೈವಾನಿನ ವಾನ್ ಜಾ ಶಾನ್ ಸಾಸ್ ತಯಾರಾಗುತ್ತದೆ. ಮ್ಯಾನ್‌ಹಟನ್‌ಗೆ ಎದುರಾಗಿ ಹಡ್ಸನ್ ನದಿಯ ದಡದಲ್ಲಿರುವ ಎಡ್ಜ್‌ವಾಟರ್‌ನ ಮಿತ್ಸುವಾ ಜಪಾನಿ ಅಂಗಡಿಗೆ ಹೋದರೆ ಸೋಯಾ ಸಾಸ್‌ಗೇ ಒಂದು ಇಡೀ ಸಾಲು ಮೀಸಲು. 1982ರಲ್ಲಿ ಕ್ವೀನ್ಸ್‌ನ ವುಡ್‌ಸೈಡ್‌ನಲ್ಲಿ ಒಂದು ಮೂಲೆ ಅಂಗಡಿಯಾಗಿ ಶುರುವಾದ ಕೊರಿಯಾದವರ ಎಚ್ ಮಾರ್ಟ್ ಈಗ ಇಲ್ಲಿನ ದೊಡ್ಡ ಊರುಗಳಲ್ಲೆಲ್ಲ ಇದೆ. ನಮ್ಮವರು ಕೊತ್ತಂಬರಿ, ಬದನೆಕಾಯಿ, ತೆಂಗಿನಕಾಯಿಗೆ ಪಟೇಲ್ ಬ್ರದರ್ಸ್‌ಗೆ ಹೋದಷ್ಟೇ ಸಲೀಸಾಗಿ ಅಣಬೆ, ತೋಫು, ಎಳೆ ಬೊಕ್‌ಚೋಯ್ ಸೊಪ್ಪಿಗೆ ಅಲ್ಲಿಗೆ ಹೋಗುತ್ತಾರೆ.

ಈಗ ಲೆಕ್ಕಕ್ಕೆ ಬರೋಣ. ಮಾಮೂಲಿ ಸೋಯಾ ಸಾಸ್‌ನ ಒಂದು ಟೇಬಲ್ ಚಮಚದಲ್ಲಿ, ಅಂದರೆ 15 ಮಿಲಿಲೀಟರ್‌ನಲ್ಲಿ, ಸುಮಾರು 960 ಮಿಲಿಗ್ರಾಂ ಸೋಡಿಯಂ ಇರುತ್ತದೆ. ಬಾಟಲಿಯ ಹಿಂಬದಿಯಲ್ಲೇ ಅಚ್ಚಾಗಿರುತ್ತದೆ. ಸೋಡಿಯಂ ಅನ್ನು ಎರಡೂವರೆಯಿಂದ ಗುಣಿಸಿದರೆ ಉಪ್ಪಿನ ತೂಕ ಸಿಗುತ್ತದೆ. ಹಾಗಾಗಿ ಒಂದು ಟೇಬಲ್ ಚಮಚ ಸಾಸ್ ಎಂದರೆ 2.4 ಗ್ರಾಂ ಉಪ್ಪು. ದೊಡ್ಡವರಿಗೆ ದಿನಕ್ಕೆ ಒಟ್ಟು 5 ಗ್ರಾಂ ಉಪ್ಪಿಗಿಂತ ಕಡಿಮೆ ಇರಲಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅಂದರೆ 2,000 ಮಿಲಿಗ್ರಾಂ ಸೋಡಿಯಂ. ಅಮೆರಿಕದ ಲೇಬಲ್‌ಗಳು ಲೆಕ್ಕ ಹಿಡಿಯುವುದು 2,300ಕ್ಕೆ. ಯಾವುದನ್ನು ಇಟ್ಟುಕೊಂಡರೂ ಒಂದು ಟೇಬಲ್ ಚಮಚದಲ್ಲಿ ದಿನದ ಪಾಲಿನ ಅರ್ಧದ ಹತ್ತಿರ ಮುಗಿಯಿತು.

ಅಡುಗೆಮನೆಯಲ್ಲಿ ಬಳಸುವುದಕ್ಕೆ ನಾನು ಇದನ್ನು ಇನ್ನಷ್ಟು ಸುಲಭ ಮಾಡಿಕೊಂಡಿದ್ದೇನೆ. ಒಂದು ಟೀ ಚಮಚ ಪುಡಿ ಉಪ್ಪಿನಲ್ಲಿ ಸುಮಾರು 2,300 ಮಿಲಿಗ್ರಾಂ ಸೋಡಿಯಂ ಇದೆ, ಒಂದು ಟೀ ಚಮಚ ಸೋಯಾ ಸಾಸ್‌ನಲ್ಲಿ 320. ಏಳು ಚಮಚ ಸಾಸ್ ಸೇರಿದರೆ ಒಂದು ಚಮಚ ಉಪ್ಪು. ಒಂದು ಟೇಬಲ್ ಚಮಚ ಸಾಸ್ ಹಾಕಿದಿರಾ, ಉಪ್ಪಿನ ಡಬ್ಬಿಯಿಂದ ಸುಮಾರು ಅರ್ಧ ಟೀ ಚಮಚ ಉಳಿಸಬೇಕು. ಉಳಿಸದೆ ಎರಡನ್ನೂ ಹಾಕಿದರೆ ಒಂದೇ ಖರ್ಚನ್ನು ಎರಡು ಸಲ ಬರೆದ ಹಾಗೆ. ಆಡಿಟ್‌ನಲ್ಲಾದರೆ ಯಾರಾದರೂ ಹಿಡಿಯುತ್ತಾರೆ, ಬಾಣಲೆಯಲ್ಲಿ ಹಿಡಿಯುವವರು ಯಾರೂ ಇಲ್ಲ.

ನಾಲ್ಕು ಜನಕ್ಕೆ ಗೋಬಿ ಮಂಚೂರಿ ಮಾಡುವ ಉದಾಹರಣೆ ನೋಡಿ. ಸಾಮಾನ್ಯವಾಗಿ ಹಿಟ್ಟು ಕಲಸುವಾಗಲೇ ಒಂದು ಟೀ ಚಮಚ ಉಪ್ಪು ಬೀಳುತ್ತದೆ, 2,300. ಆಮೇಲೆ ಗ್ರೇವಿಗೆ ಎರಡು ಟೇಬಲ್ ಚಮಚ ಸೋಯಾ ಸಾಸ್, 1,920. ಒಟ್ಟು 4,220, ತಲೆಗೆ 1,055. ಕೆಚಪ್, ಚಿಲ್ಲಿ ಸಾಸ್‌ಗಳ ಉಪ್ಪನ್ನು ಇನ್ನೂ ಕೂಡಿಸಿಲ್ಲ. ಸಂಜೆಯ ಒಂದು ತಿಂಡಿಯಲ್ಲೇ ದಿನದ ಅರ್ಧಕ್ಕಿಂತ ಹೆಚ್ಚು ಉಪ್ಪು ಹೋಯಿತು. ಅದೇ ಹಿಟ್ಟಿಗೆ ಕಾಲು ಟೀ ಚಮಚ ಉಪ್ಪು, ಗ್ರೇವಿಗೆ ಒಂದೇ ಟೇಬಲ್ ಚಮಚ ಸಾಸ್ ಹಾಕಿದರೆ ಒಟ್ಟು 1,535ರ ಆಸುಪಾಸು, ತಲೆಗೆ ಸುಮಾರು 385. ರುಚಿ ಕಡಿಮೆಯಾಗುತ್ತದೆಯೇ? ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಾಗಿಲ್ಲ. ಅದಕ್ಕೆ ಕಾರಣವೂ ಇದೆ. ಹುಳಿಯುವಾಗ ಸೋಯಾದ ಪ್ರೋಟೀನ್ ಒಡೆದು ಗ್ಲುಟಮೇಟ್ ಬಿಡುಗಡೆಯಾಗುತ್ತದೆ. 1908ರಲ್ಲಿ ಕಿಕುನಾಯ್ ಇಕೆಡಾ ಎಂಬ ಜಪಾನಿ ವಿಜ್ಞಾನಿ ಕಡಲ ಪಾಚಿಯ ಸಾರಿನಲ್ಲಿ ಇದೇ ಪದಾರ್ಥವನ್ನು ಗುರುತಿಸಿ, ಆ ರುಚಿಗೆ 'ಉಮಾಮಿ' ಎಂದು ಹೆಸರಿಟ್ಟರು. ಚೆನ್ನಾಗಿ ಹಣ್ಣಾದ ಟೊಮೆಟೊದ ಸಾರು ಬಾಯಿ ತುಂಬಿಕೊಂಡಂತೆ ಅನಿಸುವುದೂ ಇದರಿಂದಲೇ. ಈ ರುಚಿ ಇದ್ದಲ್ಲಿ ಉಪ್ಪು ಸ್ವಲ್ಪ ಕಡಿಮೆಯಾದರೂ ಸಪ್ಪೆ ಅನಿಸುವುದಿಲ್ಲ. ಸೋಯಾ ಸಾಸನ್ನು ಉಪ್ಪಿನ ಮೇಲೆ ಸುರಿದರೆ ಅಪಾಯ, ಉಪ್ಪಿನ ಬದಲಿಗೆ ಬಳಸಿದರೆ ಉಪಕಾರಿ.

ಇದನ್ನು ಇಷ್ಟು ಒತ್ತಿ ಹೇಳುವುದಕ್ಕೆ ಇನ್ನೊಂದು ಕಾರಣವಿದೆ. ಊರಿಂದ ಬರುವ ಹಿರಿಯರಿಗೆ ಮಾಡಿಸುವ ವಿಸಿಟರ್ ವಿಮೆಯಲ್ಲಿ ಮೊದಲಿನಿಂದ ಇದ್ದ ಕಾಯಿಲೆಗಳಿಗೆ ಸಾಮಾನ್ಯವಾಗಿ ಪೂರ್ತಿ ರಕ್ಷಣೆ ಇರುವುದಿಲ್ಲ. ರಕ್ತದೊತ್ತಡ ಏರಿ ತುರ್ತು ಚಿಕಿತ್ಸೆಗೆ ಓಡಬೇಕಾದರೆ ಬರುವ ಬಿಲ್ ಬಹುಪಾಲು ಮಗನದೋ ಮಗಳದೋ ತಲೆಗೇ. ಊರಿನಲ್ಲಿ ದಿನಾ ನಡೆದು ಅಂಗಡಿಗೆ ಹೋಗುತ್ತಿದ್ದವರು ಇಲ್ಲಿ ಚಳಿಗೆ ಮನೆಯೊಳಗೇ ಕೂರುತ್ತಾರೆ. ಉಪ್ಪಿನಕಾಯಿ, ಹಪ್ಪಳ ಹೇಗೂ ತಟ್ಟೆಯಲ್ಲಿರುತ್ತದೆ. ಅದರ ಜತೆಗೆ ಲೆಕ್ಕಕ್ಕೆ ಸಿಗದ ಈ ಕಪ್ಪು ಉಪ್ಪೂ ಸೇರಿಕೊಳ್ಳುವುದು ಬೇಡ.

ಇಲ್ಲಿ ಬಹಳ ಜನ ಎಡವುವ ಒಂದು ಪದವಿದೆ: 'ಲೈಟ್'. ಚೀನಾದ ಸೋಯಾ ಸಾಸ್‌ನಲ್ಲಿ ಮುಖ್ಯವಾಗಿ ಎರಡು ಬಗೆ. ತೆಳುವಾಗಿ, ತಿಳಿ ಬಣ್ಣದಲ್ಲಿ ಇರುವುದು 'ಲೈಟ್'. ಮಂದವಾಗಿ, ಕಡುಕಪ್ಪಾಗಿ, ತುಸು ಸಿಹಿಯಾಗಿ ಇರುವುದು 'ಡಾರ್ಕ್'. ಇಲ್ಲಿ ಲೈಟ್ ಎಂದರೆ ಬಣ್ಣದ ಮಾತೇ ಹೊರತು ಉಪ್ಪಿನ ಮಾತಲ್ಲ. ಉಪ್ಪಿನ ರುಚಿಗೆಂದೇ ಅಡುಗೆಗೆ ಹಾಕುವುದು ಈ ಲೈಟ್ ಸಾಸನ್ನು, ಡಾರ್ಕ್ ಇರುವುದು ಬಣ್ಣಕ್ಕೆ. ಎಷ್ಟೋ ಅಂಗಡಿಗಳಲ್ಲಿ ಸಿಗುವ ಪರ್ಲ್ ರಿವರ್ ಬ್ರಿಡ್ಜ್‌ನ 'ಸುಪೀರಿಯರ್ ಲೈಟ್' ಈ ಅರ್ಥದ ಲೈಟ್. ಆದರೆ ಅಮೆರಿಕದ ಬೇರೆ ತಿನಿಸುಗಳ ಮೇಲೆ 'ಲೈಟ್' ಎಂದರೆ ಏನೋ ಕಡಿಮೆ ಮಾಡಿದ್ದಾರೆ ಎಂದೇ ಅರ್ಥ. ಹಾಗಾಗಿ ಮಾವನವರಿಗೆ ಬಿಪಿ ಎಂದು ಸೊಸೆ ಹುಡುಕಿ ಹುಡುಕಿ ಚೀನಾದ ಲೈಟ್ ಸಾಸ್ ತಂದರೆ ಆದದ್ದು ಉಲ್ಟಾ.

ಉಪ್ಪು ಕಡಿಮೆ ಬೇಕಾದರೆ ನೋಡಬೇಕಾದದ್ದು 'ಲೆಸ್ ಸೋಡಿಯಂ' ಅಥವಾ 'ರೆಡ್ಯೂಸ್ಡ್ ಸೋಡಿಯಂ' ಎಂಬ ಮಾತು. ಮೂಲಕ್ಕಿಂತ ಕನಿಷ್ಠ 25 ಪ್ರತಿಶತ ಕಡಿಮೆ ಇದ್ದರೆ ಮಾತ್ರ ಹಾಗೆ ಬರೆಯಬಹುದು ಎಂಬುದು ಇಲ್ಲಿನ ನಿಯಮ. ಕಿಕ್ಕೊಮನ್‌ನ ಹಸಿರು ಮುಚ್ಚಳದ ಬಾಟಲಿಯಲ್ಲಿ ಟೇಬಲ್ ಚಮಚಕ್ಕೆ 600ಕ್ಕಿಂತ ತುಸು ಕಡಿಮೆ ಇದೆ. ಆದರೆ 'ಲೆಸ್' ಬೇರೆ, 'ಲೋ' ಬೇರೆ. 'ಲೋ ಸೋಡಿಯಂ' ಎನ್ನಬೇಕಾದರೆ ಒಂದು ಪಾಲಿನಲ್ಲಿ 140 ಮಿಲಿಗ್ರಾಂ ಮೀರುವಂತಿಲ್ಲ. ಹಸಿರು ಮುಚ್ಚಳ ಎಂದು ಕೈ ಸಡಿಲ ಬಿಟ್ಟು ಎರಡು ಪಟ್ಟು ಸುರಿದರೆ ಕೆಂಪು ಮುಚ್ಚಳವನ್ನೂ ಮೀರಿಸಿದಂತಾಯಿತು. ಇನ್ನೊಂದು ಎಚ್ಚರ: ಉಪ್ಪು ಕಡಿಮೆ ಮಾಡಿದ ಕೆಲವು ಸಾಸ್‌ಗಳಲ್ಲಿ ಅದರ ಜಾಗಕ್ಕೆ ಪೊಟ್ಯಾಸಿಯಂ ಕ್ಲೋರೈಡ್ ಹಾಕಿರುತ್ತಾರೆ. ಮೂತ್ರಪಿಂಡದ ತೊಂದರೆ ಇರುವವರು, ಕೆಲವು ಬಗೆಯ ಬಿಪಿ ಮಾತ್ರೆ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಅದನ್ನು ಬಳಸಬಾರದು.

ಆರೋಗ್ಯದ ಹೆಸರಿನಲ್ಲಿ ಮಾರುವ ಇನ್ನೆರಡು ಬಾಟಲಿಗಳೂ ಇವೆ. 'ಲಿಕ್ವಿಡ್ ಅಮಿನೋಸ್' ಎನ್ನುವುದರ ಲೇಬಲ್ ನೋಡಿದರೆ ಸೋಡಿಯಂ 300 ಚಿಲ್ಲರೆ, ಆಹಾ ಎಷ್ಟು ಕಡಿಮೆ ಅನಿಸುತ್ತದೆ. ಆದರೆ ಅದು ಟೀ ಚಮಚದ ಲೆಕ್ಕ, ಸೋಯಾ ಸಾಸ್‌ನದು ಟೇಬಲ್ ಚಮಚದ ಲೆಕ್ಕ. ಮೂರರಿಂದ ಗುಣಿಸಿ, ಎರಡೂ ಒಂದೇ. ನಮ್ಮ ವೃತ್ತಿಯಲ್ಲಿ ಮೊದಲು ಕಲಿಸುವ ಪಾಠ ಇದು, ಅಂಕಿ ನೋಡುವ ಮುಂಚೆ ಮಾನ ನೋಡು. ಎರಡನೆಯದು 'ಕೋಕೊನಟ್ ಅಮಿನೋಸ್'. ಇದನ್ನು ಮಾಡುವುದು ತೆಂಗಿನ ಹೊಂಬಾಳೆಯಿಂದ ಇಳಿಸಿದ ರಸದಿಂದ. ಹೌದು, ನಮ್ಮ ನೀರಾ! ಅದನ್ನು ಹುಳಿಯಿಸಿ ಉಪ್ಪು ಬೆರೆಸಿ, ಇಲ್ಲಿ ಸಣ್ಣ ಬಾಟಲಿಗೆ ದೊಡ್ಡ ಬೆಲೆ ಕಟ್ಟಿ ಮಾರುತ್ತಾರೆ. ಸೋಯಾ, ಗೋಧಿ ಆಗದವರಿಗೆ ಇದು ಒಳ್ಳೆಯದು. ಸೋಡಿಯಂ ಸಾಮಾನ್ಯವಾಗಿ ಕಡಿಮೆ, ಸಿಹಿ ಮಾತ್ರ ಜಾಸ್ತಿ.

ಅಮ್ಮನ ಮೊದಲ ಪ್ರಶ್ನೆಗೂ ಉತ್ತರ ಹೇಳಿಬಿಡುತ್ತೇನೆ. ಹುಳಿಯಿಸಿದ ಸೋಯಾ ಸಾಸ್‌ನಲ್ಲಿ ಮೀನೂ ಇಲ್ಲ, ಮಾಂಸವೂ ಇಲ್ಲ. ಆದರೆ ಅದೇ ಸಾಲಿನಲ್ಲಿ ನೋಡಲು ಅದರಂತೆಯೇ ಇರುವ ಆಯ್‌ಸ್ಟರ್ ಸಾಸ್ ಮೃದ್ವಂಗಿಯದು, ಫಿಶ್ ಸಾಸ್ ಹೆಸರೇ ಹೇಳುವಂತೆ ಮೀನಿನದು, ವೂಸ್ಟರ್ ಸಾಸ್‌ನಲ್ಲಿ ಸಾಮಾನ್ಯವಾಗಿ ಆ್ಯಂಚೊವಿ ಮೀನು ಇರುತ್ತದೆ. ಭಾರತದಲ್ಲಿರುವಂತೆ ಹಸಿರು ಚುಕ್ಕೆ ಹಾಕಬೇಕೆಂಬ ಕಾನೂನು ಇಲ್ಲಿಲ್ಲ. ಸಸ್ಯಾಹಾರಿಗಳು 'ವೀಗನ್' ಎಂಬ ಗುರುತು ಹುಡುಕಬಹುದು. ಯಹೂದಿಗಳು ಹೆಚ್ಚಿರುವ ಈ ಭಾಗದಲ್ಲಿ ಕೋಷರ್ ಗುರುತುಗಳೂ ಎಲ್ಲೆಡೆ ಕಾಣುತ್ತವೆ. ಅದರ ಪಕ್ಕ 'ಪಾರೆವ್' ಎಂದಿದ್ದರೆ ಮಾಂಸ ಮತ್ತು ಹಾಲು ಎರಡೂ ಇಲ್ಲ ಎಂದರ್ಥ. ಆದರೆ ಮೀನು, ಮೊಟ್ಟೆ ಇರಬಹುದು, ಆದ್ದರಿಂದ ಅದೊಂದನ್ನೇ ನಂಬಿ ಕೊಳ್ಳಬೇಡಿ. ಮದ್ಯದ ಬಗ್ಗೆಯೂ ಕೆಲವರು ಕೇಳುತ್ತಾರೆ. ಹುಳಿಯುವಾಗ ತಾನಾಗಿ ಹುಟ್ಟುವ ಆಲ್ಕೋಹಾಲ್ ಇದರಲ್ಲಿ ಪ್ರತಿಶತ ಎರಡರ ಆಸುಪಾಸು ಇರುತ್ತದೆ, ಕಾದ ಬಾಣಲೆಯಲ್ಲಿ ಅದರಲ್ಲಿ ಹೆಚ್ಚಿನದು ಆವಿಯಾಗುತ್ತದೆ. ಅಷ್ಟೂ ಬೇಡ ಎನ್ನುವ ಮನೆಗಳ ನಿಯಮವನ್ನು ಅವರವರೇ ನಿರ್ಧರಿಸಿಕೊಳ್ಳಬೇಕು.

ಇನ್ನು ಅಡುಗೆ. ಸೋಯಾ ಸಾಸ್ ನಮ್ಮ ಎಲ್ಲ ಅಡುಗೆಗೂ ಹೊಂದುವುದಿಲ್ಲ. ಸಾರು, ಹುಳಿ, ಗೊಜ್ಜುಗಳ ಹತ್ತಿರ ಇದನ್ನು ತರಲೇಬೇಡಿ. ಹುಣಸೆಹುಳಿ, ಬೆಲ್ಲ, ಇಂಗು ಕೂಡಿ ಒಂದು ಹದಕ್ಕೆ ಬಂದಿರುವಲ್ಲಿ ಇದು ಒರಟಾಗಿ ನುಗ್ಗುತ್ತದೆ. ಹಸಿ ಕಾಯಿತುರಿ ಹಾಕುವ ಪಲ್ಯಕ್ಕೂ ಬೇಡ. ಮಜ್ಜಿಗೆಹುಳಿಗೆ ಹಾಕುವ ಯೋಚನೆ ಯಾರಿಗೂ ಬಾರದಿರಲಿ. ಇದು ಸೊಗಸುವುದು ಒಣ ಬಿಸಿಯಲ್ಲಿ, ಎಣ್ಣೆ, ಬೆಳ್ಳುಳ್ಳಿ, ಶುಂಠಿ, ಹಸಿಮೆಣಸು, ಕಾಳುಮೆಣಸಿನ ಜತೆಯಲ್ಲಿ.

ಹುರುಳಿಕಾಯಿಯಿಂದ ಶುರು ಮಾಡಿ. ನೀರು ಪೂರ್ತಿ ಒರೆಸಿದ ಕಾಯಿಯನ್ನು ಎರಡಂಗುಲ ಉದ್ದಕ್ಕೆ ಕತ್ತರಿಸಿ, ಕಬ್ಬಿಣದ ಬಾಣಲೆಯಲ್ಲಿ ಎಣ್ಣೆ ಚೆನ್ನಾಗಿ ಕಾದ ಮೇಲೆ ಹಾಕಿ, ಸಿಪ್ಪೆ ಸುಕ್ಕುಗಟ್ಟಿ ಅಲ್ಲಲ್ಲಿ ಕಪ್ಪು ಚುಕ್ಕೆ ಬರುವವರೆಗೆ ಹುರಿಯಿರಿ. ಮುಚ್ಚಳ ಮುಚ್ಚಬೇಡಿ, ಉಪ್ಪು ಹಾಕಬೇಡಿ. ಎರಡೂ ನೀರು ಬಿಡಿಸುತ್ತವೆ. ಜಜ್ಜಿದ ಬೆಳ್ಳುಳ್ಳಿ, ಎರಡು ಒಣಮೆಣಸಿನಕಾಯಿ ಹಾಕಿ ಅರ್ಧ ನಿಮಿಷ ಬಿಟ್ಟು, ಕಾಲು ಕಿಲೋ ಕಾಯಿಗೆ ಎರಡು ಟೀ ಚಮಚ ಸೋಯಾ ಸಾಸನ್ನು ಬಾಣಲೆಯ ಕಾದ ಅಂಚಿನ ಸುತ್ತ ಹರಿಸಿ. ಸಾಸ್ ಚುರ್ ಎಂದು ಕುದಿದು ಕಾಯಿಗೆ ಅಂಟಿಕೊಳ್ಳುವ ಆ ಹತ್ತು ಸೆಕೆಂಡಿನಲ್ಲೇ ಇಡೀ ರುಚಿ ಇದೆ. ಒಮ್ಮೆ ತಿರುವಿ ಒಲೆ ಆರಿಸಿ. ಇದಕ್ಕೆ ಬೇರೆ ಉಪ್ಪು ಬೇಕಿಲ್ಲ. ಮುಂಚೆಯೇ ಸಾಸ್ ಸುರಿದು ಬೇಯಿಸುತ್ತಾ ಕೂತರೆ ಪರಿಮಳವೆಲ್ಲ ಹಾರಿ ಉಪ್ಪು ಮಾತ್ರ ಉಳಿಯುತ್ತದೆ, ತಳ ಹಿಡಿದರೆ ಕಹಿಯೂ ಬರುತ್ತದೆ. ಇಲ್ಲಿನ ಅಪಾರ್ಟ್‌ಮೆಂಟ್‌ಗಳಲ್ಲಿ ಇಷ್ಟು ಬಿಸಿಯಲ್ಲಿ ಹುರಿದರೆ ಹೊಗೆ ಅಲಾರಂ ಕೂಗುತ್ತದೆ. ಕಿಟಕಿ ಮೊದಲೇ ತೆರೆದಿಡಿ, ಜನವರಿಯಾದರೂ ಸರಿ.

ಅಣಬೆಗೆ ಇನ್ನೂ ಕಡಿಮೆ ಸಾಕು. ಅಣಬೆಯಲ್ಲೇ ಆ ಉಮಾಮಿ ರುಚಿ ಬೇಕಾದಷ್ಟಿದೆ. ಬದನೆಕಾಯಿಯನ್ನು ಹೋಳು ಮಾಡಿ ಎಣ್ಣೆಯಲ್ಲಿ ಮೆತ್ತಗೆ ಹುರಿದು, ಒಂದು ಟೇಬಲ್ ಚಮಚ ಸಾಸ್, ಚಿಟಿಕೆ ಬೆಲ್ಲ, ಅರ್ಧ ಚಮಚ ವಿನೆಗರ್ ಹಾಕಿದರೆ ಜೋಳದ ರೊಟ್ಟಿಗೂ ನಡೆಯುತ್ತದೆ. ಎಣ್ಣೆಗಾಯಿಯ ಅಭಿಮಾನಿಗಳು ಕೋಪಿಸಿಕೊಳ್ಳಬಾರದು, ಅದರ ಜಾಗಕ್ಕೆ ಇದು ಎಂದು ನಾನು ಹೇಳುತ್ತಿಲ್ಲ. ತೋಫುವನ್ನು ಬಟ್ಟೆಯಲ್ಲಿ ಸುತ್ತಿ ಭಾರ ಇಟ್ಟು ನೀರು ಹಿಂಡಿ, ಪನೀರಿನಂತೆ ಕೆಂಪಗೆ ಹುರಿದು, ಕೊನೆಯಲ್ಲಿ ಸಾಸ್ ಹಾಕಬೇಕು. ಮಿಕ್ಕ ಇಡ್ಲಿಯ ಹೋಳುಗಳು, ಈರುಳ್ಳಿ, ದೊಣ್ಣೆಮೆಣಸು, ಒಂದೂವರೆ ಟೀ ಚಮಚ ಸಾಸ್: ಮಕ್ಕಳು ಇಡ್ಲಿ ಬೇಡ ಎನ್ನುವುದನ್ನು ಮರೆಯುತ್ತಾರೆ. ಇಡ್ಲಿಯಲ್ಲಿ ಮೊದಲೇ ಉಪ್ಪಿದೆ ಎಂಬುದನ್ನು ದೊಡ್ಡವರು ಮರೆಯಬಾರದು.

ಅನ್ನದ ವಿಷಯ. ಫ್ರೈಡ್ ರೈಸ್‌ಗೆ ಬಿಸಿ ಅನ್ನ ಬೇಡ, ಮುದ್ದೆಯಾಗುತ್ತದೆ. ಫ್ರಿಜ್‌ನಲ್ಲಿಟ್ಟ ತಣ್ಣನೆ ಅನ್ನವನ್ನು ಕೈಯಲ್ಲಿ ಬಿಡಿಸಿಕೊಳ್ಳಿ. ಸೋನಾ ಮಸೂರಿ ಆದೀತು, ನೀರು ಸ್ವಲ್ಪ ಕಡಿಮೆ ಇಟ್ಟು ಮಾಡಿದ್ದಾಗಿರಬೇಕು ಅಷ್ಟೇ. ಆದರೆ ಬೆಳಗಿನ ಅನ್ನವನ್ನು ಸಂಜೆಯವರೆಗೆ ಹೊರಗೇ ಬಿಟ್ಟು ಬಳಸಬೇಡಿ. ಹೊಟ್ಟೆ ಕೆಡಿಸುವ ಬ್ಯಾಕ್ಟೀರಿಯಾ ಅದರಲ್ಲಿ ಬೆಳೆಯುತ್ತದೆ, ಮತ್ತೆ ಬಿಸಿ ಮಾಡಿದರೂ ಅದು ಬಿಟ್ಟ ವಿಷ ಹೋಗುವುದಿಲ್ಲ. ನಾಲ್ಕು ಜನರ ಅನ್ನಕ್ಕೆ ಒಂದು ಟೇಬಲ್ ಚಮಚ ಸಾಸ್, ಮೇಲೆ ಕಾಳುಮೆಣಸಿನ ಪುಡಿ, ಹೆಚ್ಚಿದ ಈರುಳ್ಳಿ ಸೊಪ್ಪು. ಹೋಟೆಲಿನ ಕಂದು ಬಣ್ಣ ಬೇಕೆಂದು ಇನ್ನೂ ಇನ್ನೂ ಸುರಿಯುವವರು ಡಾರ್ಕ್ ಸಾಸ್‌ನ ಅರ್ಧ ಟೀ ಚಮಚ ಹಾಕಿ ನೋಡಲಿ, ಬಣ್ಣ ಬಂದುಬಿಡುತ್ತದೆ.

ಬಣ್ಣ ಎಂದಾಗ ಗೋಬಿ ಮಂಚೂರಿಗೆ ಮರಳಲೇಬೇಕು. ಇದು ಚೀನಾದಲ್ಲಿ ಇಲ್ಲ, ಮಂಚೂರಿಯಾದಲ್ಲಂತೂ ಇಲ್ಲವೇ ಇಲ್ಲ. ಕೋಲ್ಕತ್ತದಲ್ಲಿ ಹುಟ್ಟಿದ ಚೀನೀ ಮೂಲದ ಬಾಣಸಿಗ ನೆಲ್ಸನ್ ವಾಂಗ್ 1975ರಲ್ಲಿ ಮುಂಬೈನ ಕ್ರಿಕೆಟ್ ಕ್ಲಬ್ ಆಫ್ ಇಂಡಿಯಾದಲ್ಲಿ ಬೆಳ್ಳುಳ್ಳಿ, ಶುಂಠಿ, ಹಸಿಮೆಣಸಿಗೆ ಗರಂ ಮಸಾಲೆಯ ಬದಲು ಸೋಯಾ ಸಾಸ್ ಸೇರಿಸಿ ಚಿಕನ್ ಮಂಚೂರಿಯನ್ ಮಾಡಿದರು ಎಂಬುದು ಪ್ರಸಿದ್ಧ ಕಥೆ. ಕೋಳಿಯ ಜಾಗಕ್ಕೆ ಹೂಕೋಸು ಬಂದು, ನಮ್ಮ ಊರೂರಿನ ಬಸ್ ನಿಲ್ದಾಣದ ಗಾಡಿಗಳನ್ನು ಹಿಡಿಯಿತು. ಇಲ್ಲಿನ ಮಾಮೂಲಿ ಚೈನೀಸ್ ಹೋಟೆಲಿನಲ್ಲಿ ಗೋಬಿ ಮಂಚೂರಿ ಕೇಳಿದರೆ ಮಿಕಿಮಿಕಿ ನೋಡುತ್ತಾರೆ. ಅದಕ್ಕೆ ಓಕ್ ಟ್ರೀ ರೋಡಿನ ಇಂಡೋ-ಚೈನೀಸ್ ಹೋಟೆಲುಗಳೇ ಆಗಬೇಕು. ಇಲ್ಲಿ ಹುಟ್ಟಿ ಬೆಳೆದ ನಮ್ಮ ಮಕ್ಕಳು ರಜೆಗೆ ಊರಿಗೆ ಬಂದಾಗ ಮೊದಲು ಕೇಳುವ ತಿಂಡಿಗಳಲ್ಲಿ ಗಾಡಿಯ ಕೆಂಪು ಗೋಬಿಯೂ ಒಂದು.

ಆ ಕೆಂಪು ಸೋಯಾ ಸಾಸ್‌ನದಲ್ಲ. 2024ರ ಮಾರ್ಚ್‌ನಲ್ಲಿ ಕರ್ನಾಟಕ ಸರ್ಕಾರ ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿದ್ದು ನಿಮಗೆಲ್ಲ ನೆನಪಿದೆ. ಪರೀಕ್ಷೆಗೆ ಕಳಿಸಿದ 171 ಮಾದರಿಗಳಲ್ಲಿ 107 ಅಸುರಕ್ಷಿತ ಎಂದು ಆರೋಗ್ಯ ಸಚಿವ ದಿನೇಶ್ ಗುಂಡೂರಾವ್ ಆಗ ಹೇಳಿದ್ದರು. ಮೊಮ್ಮಕ್ಕಳು ಹಟ ಮಾಡಿದರೆ ಮನೆಯಲ್ಲೇ ಮಾಡಿಕೊಡಿ. ಬ್ಯಾಡಗಿ ಮೆಣಸಿನಕಾಯಿಯನ್ನು ಬಿಸಿನೀರಿನಲ್ಲಿ ನೆನೆಸಿ ನುಣ್ಣಗೆ ರುಬ್ಬಿದರೆ ಸಿಗುವ ಕೆಂಪಿಗೆ ಯಾವ ಪುಡಿಯೂ ಸಮವಲ್ಲ, ಖಾರವೂ ಹಿತ. ಇಲ್ಲಿ ನಾನು ಮಾಡುವುದು ಹಾಗೆಯೇ: ಕಾರ್ನ್‌ಫ್ಲೋರ್, ಮೈದಾ, ಈ ಮೆಣಸಿನ ವಿಳುದು, ಕಾಲು ಚಮಚ ಉಪ್ಪು. ಉಳಿದ ಉಪ್ಪಿನ ಕೆಲಸವೆಲ್ಲ ಗ್ರೇವಿಯ ಸಾಸ್‌ಗೆ ಬಿಟ್ಟದ್ದು. ಗ್ರೇವಿ ಮಂದವಾಗಲು ತಣ್ಣೀರಿನಲ್ಲಿ ಕದಡಿದ ಕಾರ್ನ್‌ಫ್ಲೋರ್ ಒಂದು ಚಮಚ. ಸಾಸ್ ಅಳೆದು ಹಾಕಿ. ಬಾಟಲಿಯನ್ನು ಬಾಣಲೆಯ ಮೇಲೆ ಬಗ್ಗಿಸಿದರೆ ಕೈಗೆ ಲೆಕ್ಕ ಸಿಗುವುದಿಲ್ಲ.

ನ್ಯೂಜೆರ್ಸಿಯ ಬೃಂದಾವನ, ನ್ಯೂಯಾರ್ಕ್‌ನ ಕನ್ನಡ ಕೂಟಗಳಂತಹ ಸಂಘಗಳ ಹಬ್ಬಗಳಲ್ಲಿ, ಗೆಳೆಯರ ಮನೆಯ ಪಾಟ್‌ಲಕ್‌ಗಳಲ್ಲಿ ಭೇಟಿಯಾಗುವ ಕುಟುಂಬಗಳಿಗೆ ಒಂದು ಮಾತು. ಮನೆಯಿಂದ ಟ್ರೇ ಒಯ್ಯುವಾಗ ಸೋಯಾ ಸಾಸ್ ಹಾಕಿದ್ದರೆ ಒಂದು ಚೀಟಿ ಅಂಟಿಸಿ. ಸೋಯಾ ಮತ್ತು ಗೋಧಿ ಎರಡೂ ಇಲ್ಲಿನ ಕಾನೂನು ಗುರುತಿಸಿದ ಒಂಬತ್ತು ಮುಖ್ಯ ಅಲರ್ಜಿ ಪದಾರ್ಥಗಳ ಪಟ್ಟಿಯಲ್ಲಿವೆ. ಒಂಬತ್ತನೆಯದಾಗಿ ಎಳ್ಳು ಸೇರಿದ್ದು 2023ರ ಜನವರಿಯಿಂದ, ಮತ್ತು ಈ ಅಡುಗೆಗಳ ಮೇಲೆ ಎಳ್ಳೆಣ್ಣೆ ಚಿಮುಕಿಸುವ ರೂಢಿಯೂ ಇದೆ. ಫ್ರೈಡ್ ರೈಸ್‌ನಲ್ಲಿ ಗೋಧಿ ಇದ್ದೀತು ಎಂದು ಯಾರೂ ಊಹಿಸುವುದಿಲ್ಲ. ಗ್ಲುಟೆನ್ ಆಗದವರಿಗೆ ಮಾಡುವುದಾದರೆ 'ಗ್ಲುಟೆನ್ ಫ್ರೀ' ಎಂದು ಬರೆದಿರುವ ತಾಮಾರಿ ಕೊಳ್ಳಬೇಕು. ತಾಮಾರಿ ಎಂಬ ಹೆಸರೊಂದೇ ಸಾಲದು, ಕೆಲವದರಲ್ಲಿ ತುಸು ಗೋಧಿ ಇರುತ್ತದೆ.

ಬಾಟಲಿ ಕೊಳ್ಳುವಾಗ ಚಿಕ್ಕದನ್ನೇ ಕೊಳ್ಳಿ. ತೆರೆದ ಮೇಲೆ ಗಾಳಿ ತಾಗಿ ಸಾಸ್ ಕಪ್ಪಾಗುತ್ತಾ, ಪರಿಮಳ ಕಳೆದುಕೊಳ್ಳುತ್ತಾ ಹೋಗುತ್ತದೆ. ಬೇಗ ಕೆಡುವುದಿಲ್ಲ, ಆದರೆ ಪರಿಮಳ ಹೋದ ಸಾಸ್ ಅಂದರೆ ಬರೀ ಉಪ್ಪುನೀರು, ರುಚಿಗಾಗಿ ಇನ್ನಷ್ಟು ಹಾಕಬೇಕೆನಿಸುತ್ತದೆ. ಒಲೆಯ ಪಕ್ಕದಿಂದ ತೆಗೆದು ಫ್ರಿಜ್‌ನ ಬಾಗಿಲಿನಲ್ಲಿ, ಉಪ್ಪಿನಕಾಯಿ ಬಾಟಲಿಯ ಪಕ್ಕ ಇಡಿ. ಅಮ್ಮ ಈಗ ಅದರ ಕುತ್ತಿಗೆಗೆ ರಬ್ಬರ್ ಬ್ಯಾಂಡ್ ಹಾಕಿ ಒಂದು ಟೀ ಚಮಚ ಸಿಕ್ಕಿಸಿದ್ದಾರೆ.